ಬುಡ ಚಪ್ಪಟೆ, ತುದಿ ಓರೆ

ಫೆಬ್ರವರಿಯ ಆ ಬೆಳಿಗ್ಗೆ ತೋಟಕ್ಕೆ ಹೋದಾಗ ನಮ್ಮ ಒಂದೇ ಒಂದು ದ್ರಾಕ್ಷಿ ಬಳ್ಳಿಯೂ ನಿಂತಿರಲಿಲ್ಲ.

ಅಜ್ಜ ನೆಟ್ಟದ್ದು. ಕಡಲ ಮರಳಿನಲ್ಲಿ ಎಪ್ಪತ್ತು ವರ್ಷ ಕಸಿಯಿಲ್ಲದೆ ತನ್ನದೇ ಬೇರಿನ ಮೇಲೆ ನಿಂತದ್ದು. ನಾನೂರು ಬುಡಗಳನ್ನೂ ಗರಗಸದಿಂದ ನೆಲಮಟ್ಟಕ್ಕೆ ಕೊಯ್ದು, ಮತ್ತೆ ಚಿಗುರಬಾರದೆಂದು ಮೋಟುಗಳ ಮೇಲೂ ಬಿದ್ದ ಬಳ್ಳಿಗಳ ಮೇಲೂ ಡೀಸೆಲ್ ಸುರಿದಿದ್ದರು. ಅದರ ನಾತ ರಸ್ತೆಯವರೆಗೂ ಬರುತ್ತಿತ್ತು. ನಮ್ಮ ನಾಯಿ ಕಲ್ಲುಗೋಡೆಯ ಪಕ್ಕ ಕಾಲು ಚಾಚಿ ಬಿದ್ದಿತ್ತು. ಬಾಯಲ್ಲಿ ನೊರೆ. ವಿಷ ಹಾಕಿದ್ದರು, ಪಾಪಿಗಳು.

ಇಲ್ಲಿ, ಸಾರ್ಡಿನಿಯಾದ ಈ ದಕ್ಷಿಣದ ತುದಿಯಲ್ಲಿ, ಒಬ್ಬನ ಮೇಲೆ ಹಗೆ ಇದ್ದರೆ ಮೊದಲು ಅವನ ಬಳ್ಳಿ ಕೊಯ್ಯುತ್ತಾರೆ. ಮುಂದಿನ ಸಲ ನಿನ್ನ ಕತ್ತು ಎಂದು ಅರ್ಥ. ಕೊಯ್ದವರು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ, ಪೊಲೀಸರ ಮುಂದೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ನಮಗೂ ಗೊತ್ತಿತ್ತು. ಹಿಂದಿನ ತಿಂಗಳು ನನ್ನಣ್ಣ ಸಿಸಿನ್ನಿಯೊ ತೋಟಕ್ಕೆ ನುಗ್ಗಿದ ಮೂರು ಕುರಿಗಳಿಗೆ ಗುಂಡು ಹೊಡೆದಿದ್ದ. ಅವು ಕಡಲದಂಡೆಯ ದೊಡ್ಡಿಯ ಯಜಮಾನ ಬೊಬೊರೆಯವು. ಬೊಬೊರೆ ಮನೆಯಲ್ಲಿ ನಾಲ್ಕು ಜನ ಗಂಡಸರು: ಅವನು, ಅವನ ಇಬ್ಬರು ಗಂಡುಮಕ್ಕಳು, ಮತ್ತೆ ಅವನ ತಮ್ಮನ ಮಗ.

ಅಣ್ಣ ಒಂದು ಮೋಟನ್ನು ಮುಟ್ಟಿ, ಬೆರಳು ಮೂಸಿ ನೋಡಿದ. ಅಳಲಿಲ್ಲ. "ಗರಗಸ ಹಿಡಿದೋನು ಯಾರು ಅಂತ ಒಂದು ಹೆಸರು ಗೊತ್ತಾಗ್ಲಿ, ಬೊನಾರಿಯಾ. ಒಂದೇ ಒಂದು ಹೆಸರು ಸಾಕು. ಆಮೇಲೆ ಅವನ ಮನೇಲಿ ಸಾವಿನ ಅಡುಗೆ ಮಾಡಿಸ್ತೀನಿ," ಎಂದು ಹೇಳಿ, ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ.

ನಾನು ಅಲ್ಲೇ ಉಳಿದೆ. ಬಿದ್ದ ಬಳ್ಳಿಗಳ ನಡುವೆ ಹುಚ್ಚಿಯ ಹಾಗೆ ಓಡಾಡಿದೆ. ತೋಟದ ಕೊನೆಯ ಸಾಲು ಮುಟ್ಟಿದಾಗ ಗೋಡೆಯ ಬುಡದಲ್ಲಿ ಒದ್ದೆ ಗೋಣಿತಟ್ಟು ಕಾಣಿಸಿತು. ಎತ್ತಿದೆ. ಹಸಿ ಮರಳಿನಲ್ಲಿ ಅರ್ಧ ಹೂತ ನಾಲ್ಕು ಕಟ್ಟು ದ್ರಾಕ್ಷಿ ಕಡ್ಡಿಗಳು. ಒಂದೊಂದು ಕಡ್ಡಿಗೂ ಚಿಗುರುವ ಕಣ್ಣು ನಾಲ್ಕೇ. ತಲೆ ಎಲ್ಲ ಒಂದೇ ಕಡೆಗೆ, ಜೊಂಡಿನಿಂದ ಬಿಗಿದ ಗಂಟು.

ಒಂದು ಕಡ್ಡಿ ಎಳೆದು ನೋಡಿದೆ. ಬುಡ ಚಪ್ಪಟೆ. ತುದಿ ಓರೆ.

ಇನ್ನೊಂದು ಎಳೆದೆ, ಅದೂ ಹಾಗೇ. ಈ ಊರಲ್ಲಿ ಪ್ರತಿಯೊಬ್ಬನೂ ಬುಡವನ್ನು ಓರೆಯಾಗಿ ಕತ್ತರಿಸುತ್ತಾನೆ, ಮರಳಿಗೆ ಚುಚ್ಚಲು ಸುಲಭವೆಂದು. ಚಪ್ಪಟೆಯಾಗಿ ಕತ್ತರಿಸುವವಳು ನಾನೊಬ್ಬಳೇ. ನಾನು ಕಲಿಸಿದ್ದೂ ಒಬ್ಬನಿಗೇ.

ಅಂತಿಯೊಕೊಗೆ. ಬೊಬೊರೆಯ ತಮ್ಮನ ಮಗನಿಗೆ.

*

ಅವನು ನಮ್ಮ ಮನೆಗೆ ಮೊದಲ ಸಲ ಬಂದಾಗ ನಾನು ಅವನನ್ನು ಪೊರಕೆ ಹಿಡಿದು ಸ್ವಾಗತಿಸಿದ್ದೆ.

ಅದು ಹೋದ ವರ್ಷಕ್ಕೂ ಹಿಂದಿನ ವರ್ಷದ ನವೆಂಬರ್. ನಾನು ಬಟ್ಟೆ ಒಗೆಯುವ ಕೋಣೆಯಲ್ಲಿ ಸಸಿ ಎಬ್ಬಿಸಿ ಗುರುವಾರದ ಸಂತೆಯಲ್ಲಿ ಮಾರುತ್ತೇನೆ. ಮಣ್ಣಿಲ್ಲ, ಬರೀ ನೀರು. ಬೆಳಕು ಬಿದ್ದು ಪಾಚಿ ಕಟ್ಟಬಾರದೆಂದು ಕಪ್ಪು ಬಣ್ಣ ಬಳಿದ ಪ್ಲಾಸ್ಟಿಕ್ ಡಬ್ಬಿಗಳು. ಮುಚ್ಚಳದಲ್ಲಿ ತೂತು, ತೂತಿನಲ್ಲಿ ಸ್ಪಂಜಿನ ಉಂಗುರ, ಉಂಗುರದಲ್ಲಿ ಕಡ್ಡಿ. ನೀರಿನೊಳಗೆ ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪಿನ ಕೊಳವೆ, ಹಗಲೂ ರಾತ್ರಿ ಗುಳುಗುಳು ಎನ್ನುತ್ತಿರುತ್ತದೆ. ಆ ಸದ್ದು ನಿಂತರೆ ನನಗೆ ನಿದ್ದೆಯಲ್ಲೂ ಎಚ್ಚರವಾಗುತ್ತದೆ.

"ಏನ್ ಬೇಕು?" ಎಂದೆ. "ಬೇಲಿ ಮುರಿಸಿದ್ದು ಸಾಲ್ದಾ? ಕುರಿ ಮೇಯ್ಸೋಕ್ಕೆ ಈಗ ನಮ್ಮ ಬಚ್ಚಲೂ ಬೇಕಾ?"

"ಕುರಿ ಆಚೆ ಬಿಟ್ಟು ಬಂದಿದೀನಿ. ಒಳಗೆ ಬಂದಿರೋದು ನಾನೊಬ್ಬನೇ," ಎಂದ. ಆಮೇಲೆ ಕೋಟಿನೊಳಗೆ ಕೈ ಹಾಕಿ, ಹಿಚುಕಿಹೋದ ಒಂದು ಜಿರೇನಿಯಂ ಕೊಂಬೆ ತೆಗೆದ. "ಅಮ್ಮಂದು. ಅಮ್ಮ ಹೋಗಿ ಎರಡು ತಿಂಗಳಾಯ್ತು. ಬಾಲ್ಕನೀಲಿ ಇದ್ದಿದ್ದು ಇದೊಂದು ಗಿಡ, ನಿನ್ನೆ ದೊಡ್ಡಪ್ಪನ ಚಿಕ್ಕ ಮಗ ಕುಡಿದು ಅದರ ಮೇಲೇ ಬಿದ್ದ. ಬದುಕುತ್ತಾ?"

ನನ್ನ ಕೈಯ ಪೊರಕೆ ಕೆಳಗಿಳಿಯಿತು. ಅಷ್ಟು ದೊಡ್ಡ ಆಳು, ಆ ಕೊಂಬೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

"ಕತ್ತರಿ ತಗೋ. ಗೆಣ್ಣಿನ ಕೆಳಗೆ ಕತ್ತರಿಸು. ಚಪ್ಪಟೆಯಾಗಿ."

"ಎಲ್ಲಾರೂ ಓರೆ ಮಾಡ್ತಾರಲ್ವಾ?"

"ಎಲ್ಲಾರೂ ಮರಳಿಗೆ ಚುಚ್ತಾರೆ. ನನ್ನ ಡಬ್ಬೀಲಿ ಮರಳು ಎಲ್ಲಿದೆ? ತುದಿ ಓರೆ ಮಾಡು, ಬುಡ ಚಪ್ಪಟೆ. ಯಾವುದು ತಲೆ ಯಾವುದು ಕಾಲು ಅಂತ ಕಣ್ಣು ಮುಚ್ಕೊಂಡೂ ಗೊತ್ತಾಗ್ಬೇಕು. ಇಲ್ಲಿ ನಾನು ಹೇಳಿದ್ದೇ ಕಾನೂನು."

"ಆಯ್ತು ಮೇಡಂ," ಎಂದು ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ.

ಅವನು ಗುರುವಾರ ಸಂತೆ ಮುಗಿದ ಮೇಲೆ ಬಂದ. ಮುಂದಿನ ಗುರುವಾರವೂ ಬಂದ. ಬಂದವನೇ ಮುಚ್ಚಳ ಎತ್ತುತ್ತಿದ್ದ, ನಾನು ಅವನ ಕೈಗೆ ಪಟ್ಟೆಂದು ಹೊಡೆಯುತ್ತಿದ್ದೆ.

"ಎತ್ತಿ ಎತ್ತಿ ನೋಡಿದ್ರೆ ಬೇರು ಹೇಗಯ್ಯಾ ಬಿಡುತ್ತೆ? ನಿನ್ನನ್ನ ಹೀಗೆ ದಿನಾ ಹೊದಿಕೆ ಎಳೆದು ಎಬ್ಬಿಸಿದ್ರೆ?"

"ಯಾರು ಎಬ್ಬಿಸ್ತಾರೆ ಅನ್ನೋದರ ಮೇಲೆ ಹೋಗುತ್ತೆ," ಎಂದ, ಕಣ್ಣು ಎತ್ತದೆ. ಅವನ ಕಿವಿ ಕೆಂಪಗಾಗಿತ್ತು. ನನ್ನದೂ ಆಗಿರಬೇಕು.

ಹನ್ನೊಂದನೆಯ ದಿನ ಬೇರು ಬಂತು. ಬಿಳೀ ಎಳೆ, ಉಗುರಿನಷ್ಟು. ಇಬ್ಬರೂ ಒಂದೇ ಡಬ್ಬಿಯ ಮೇಲೆ ಬಗ್ಗಿ ನೋಡಿದೆವು. ಅವನ ಕೋಟಿನಿಂದ ಹೊಗೆ ಮತ್ತು ಕುರಿಹಾಲಿನ ವಾಸನೆ ಬರುತ್ತಿತ್ತು. ತಲೆಯೆತ್ತಿದರೆ ಅವನು ಬೇರನ್ನು ನೋಡುತ್ತಲೇ ಇರಲಿಲ್ಲ. ಆವತ್ತೇ ನನಗೆ ಅವನ ಮೇಲೆ ಮನಸ್ಸಾಯಿತು, ಸುಳ್ಳೇಕೆ ಹೇಳಲಿ.

ಜಿರೇನಿಯಂ ಕುಂಡಕ್ಕೆ ಹೋಯಿತು. ಅವನ ಗುರುವಾರಗಳು ಮಾತ್ರ ನಿಲ್ಲಲಿಲ್ಲ, ಒಂದು ವರ್ಷದ ಮೇಲೂ ನಡೆದವು. ಆಮೇಲೆ ಅಣ್ಣ ಕುರಿಗಳಿಗೆ ಗುಂಡು ಹೊಡೆದ. ಆವತ್ತಿನಿಂದ ಅಂತಿಯೊಕೊ ಬರಲಿಲ್ಲ.

*

ಈಗ ಅವನ ಕಟ್ಟುಗಳು ನನ್ನ ತೊಡೆಯ ಮೇಲಿದ್ದವು. ನಮ್ಮ ಬಳ್ಳಿ ಕೊಯ್ದವರಲ್ಲಿ ಅವನೂ ಇದ್ದ. ಕೊಯ್ದ ಕೈಯಲ್ಲೇ ಇವನ್ನು ಕತ್ತರಿಸಿ, ನನಗೆಂದು ಇಟ್ಟು ಹೋಗಿದ್ದ. ಅವನ ಗಂಟಲು ಸೀಳಬೇಕೆನಿಸಿತು. ಅದರ ಜೊತೆಗೇ ಆ ಕಡ್ಡಿಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ, ನನಗೇ ನಾಚಿಕೆಯಾಗುವ ಹಾಗೆ.

ಮನೆಗೆ ತಂದೆ. ಅಣ್ಣ ಅಡುಗೆಮನೆಯ ಮೇಜಿನ ಮೇಲೆ ಅಪ್ಪನ ಬಂದೂಕು ಬಿಚ್ಚಿಟ್ಟು ಎಣ್ಣೆ ಹಚ್ಚುತ್ತಿದ್ದ. ಅಪ್ಪ ಹೋಗಿ ಐದು ವರ್ಷ, ಅಮ್ಮ ಅವನಿಗೂ ಮೊದಲೇ ಹೋದವಳು. ಈ ಮನೆಯಲ್ಲಿ ನಾವಿಬ್ಬರೇ.

"ಏನದು?"

"ಬಿದ್ದಿದ್ದ ಬಳ್ಳೀಲಿ ಡೀಸೆಲ್ ತಾಗದ್ದನ್ನ ಕತ್ತರಿಸ್ಕೊಂಡು ಬಂದೆ. ಇನ್ನೂರಿದೆ. ಬೇರು ಬರಿಸ್ತೀನಿ."

"ಬೇರು!" ಅವನು ಎದ್ದು ನಿಂತ. "ಅಲ್ಲಿ ಅಜ್ಜನ ತೋಟ ಹೆಣವಾಗಿ ಬಿದ್ದಿದೆ, ನೀನು ಇಲ್ಲಿ ಡಬ್ಬಿ ಆಟ ಆಡ್ತೀಯಾ?"

ಒಗೆಯುವ ಕೋಣೆಗೆ ನುಗ್ಗಿ ಮೊದಲ ಡಬ್ಬಿಗೆ ಒದ್ದ. ಎಳೆ ಟೊಮೇಟೊ ಸಸಿಗಳು ನೆಲಕ್ಕೆ ಬಿದ್ದು ನೀರಲ್ಲಿ ತೇಲಿದವು. ಎರಡನೆಯದನ್ನು ಗೋಡೆಗೆ ಎತ್ತಿ ಒಗೆದ. ಪಂಪು ಚೂರಾಯಿತು. ಕಡ್ಡಿಯ ಕಟ್ಟಿಗೆ ಕೈ ಹಾಕಿದಾಗ ನನಗೂ ತಲೆ ಕೆಟ್ಟಿತು. ಕೈಯಲ್ಲಿದ್ದ ಕತ್ತರಿಯಿಂದ ಅವನ ಮುಂಗೈಗೆ ಬೀಸಿದೆ. ಚರ್ಮ ಬಿರಿದು ರಕ್ತ ಚಿಲ್ಲನೆ ಚಿಮ್ಮಿತು. ಅವನು ನನ್ನ ಕೆನ್ನೆಗೆ ಬಾರಿಸಿದ. ನಾನು ಗೋಡೆಗೆ ಬಡಿದು, ಅಲ್ಲಿಂದಲೇ ಮತ್ತೆ ಕತ್ತರಿ ಎತ್ತಿದೆ.

"ಮುಟ್ಟು ನೋಡೋಣ," ಎಂದೆ. "ಇನ್ನೊಂದ್ಸಲ ಮುಟ್ಟು. ಅಜ್ಜನ ಬಳ್ಳಿ ಅಂತ ಈ ಲೋಕದಲ್ಲಿ ಉಳಿದಿರೋದು ಇಷ್ಟೇ."

ಅಣ್ಣ ಏದುಸಿರು ಬಿಡುತ್ತಾ ನಿಂತ. ಇಬ್ಬರ ಕಾಲಡಿಯಲ್ಲೂ ಕೆಂಪು ನೀರು. ಆಮೇಲೆ ಕೈಗೆ ಟವೆಲ್ ಸುತ್ತಿಕೊಂಡು ಹೊರಟ. ಸಂಜೆ ಬಂದಾಗ ಹೊಸ ಪಂಪು ತಂದಿದ್ದ, ಎರಡು. ಒಗೆಯುವ ಕೋಣೆಯ ಬಾಗಿಲಲ್ಲಿಟ್ಟ. ಬಂದೂಕನ್ನೂ ಜೋಡಿಸಿ, ಗುಂಡು ತುಂಬಿ, ಊಟದ ಮೇಜಿನ ಪಕ್ಕವೇ ಒರಗಿಸಿಟ್ಟ.

*

ಮೂರನೆಯ ದಿನ ಅಂತಿಯೊಕೊನನ್ನು ಹುಡುಕಿಕೊಂಡು ಹೋದೆ. ಅಣ್ಣ ಉಪ್ಪಿನ ಗದ್ದೆಯ ಕೆಲಸಕ್ಕೆ ಹೋದ ಹೊತ್ತು. ಅಂತಿಯೊಕೊ ಕುರಿಗಳಿಗೆ ನೀರು ಕುಡಿಸುವ ತೊಟ್ಟಿಯ ಹತ್ತಿರವಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಒಡೆದಿತ್ತು.

ನಾನು ಹೋದವಳೇ ಹೊಡೆದೆ. ಒಡೆದ ತುಟಿಯ ಮೇಲೇ ಹೊಡೆದೆ. ಅವನು ಕೈ ಅಡ್ಡ ತರಲಿಲ್ಲ.

"ಎಷ್ಟು ಕೊಯ್ದೆ?"

"ಕೊನೇ ಆರು ಸಾಲು."

ಮತ್ತೆ ಹೊಡೆದೆ. "ನಾಯಿಗೆ ವಿಷ ಹಾಕಿದ್ದು?"

"ನಾನಲ್ಲ. ಬೊನಾರಿಯಾ, ದೊಡ್ಡಪ್ಪ ಡೀಸೆಲ್ ತಂದಿದ್ದು ಬಳ್ಳಿಗಲ್ಲ. ನಿಮ್ಮ ಮನೆಗೆ. ನೀವಿಬ್ಬರೂ ಮಲಗಿರುವಾಗ ಬಾಗಿಲಿಗೆ ಸುರೀತೀನಿ ಅಂತ ಕೂತಿದ್ದ. ಬಳ್ಳಿ ಸಾಕು ದೊಡ್ಡಪ್ಪ, ನಾನೂ ಬರ್ತೀನಿ, ನಾನೂ ಕೊಯ್ತೀನಿ ಅಂದೆ. ಹಾಗಂದಿದ್ದಕ್ಕೆ ಒಪ್ಪಿದ." ಅವನು ರಕ್ತ ಉಗಿದ. "ಅವರು ಮುಂದಿನ ಸಾಲಲ್ಲಿದ್ದಾಗ ಕಡ್ಡಿ ಕತ್ತರಿಸಿದೆ. ಕೆಲಸದಲ್ಲಿ ಹಿಂದೆ ಬಿದ್ದೆ ಅಂತ ಹೊಡೆದು ಮುಖ ಹೀಗ್ಮಾಡಿದ್ರು. ಕಡ್ಡಿ ವಿಷಯ ಅವರಿಗೆ ಗೊತ್ತಿಲ್ಲ."

"ನನಗೆ ಬಂದು ಹೇಳ್ಬೋದಿತ್ತಲ್ಲ!"

"ಹೇಳಿದ್ರೆ ಸಿಸಿನ್ನಿಯೊ ಬಂದೂಕು ಹಿಡಿದು ಕಾಯ್ತಿದ್ದ. ಯಾರಾದ್ರೂ ಸಾಯ್ತಿದ್ರು. ನೀನು ಸಾಯ್ತಿದ್ದೆ."

ಮೂರನೆಯ ಸಲ ಕೈ ಎತ್ತಿದೆ. ಅದು ಹೋಗಿ ಅವನ ಕೋಟಿನ ಕಾಲರು ಹಿಡಿದುಕೊಂಡಿತು, ಬಿಡಲೇ ಇಲ್ಲ. ಅವನ ಎದೆಗೆ ಹಣೆ ಒತ್ತಿ ಅತ್ತೆ. ಅವನ ತುಟಿಯ ರಕ್ತ ನನ್ನ ಕೂದಲಿಗೆ ಅಂಟಿತು. ಅವನನ್ನು ಮುದ್ದಿಟ್ಟಾಗ ಬಾಯಿಗೆ ರಕ್ತದ ರುಚಿಯೇ ಬಂತು, ಅದೇ ನಮ್ಮ ಮೊದಲ ಮುತ್ತು.

"ಅಣ್ಣನಿಗೆ ಹೆಸರು ಗೊತ್ತಾದ್ರೆ ನಿನ್ನನ್ನ ಕೊಂದುಬಿಡ್ತಾನೆ," ಎಂದೆ. "ಬದುಕಬೇಕು ಅಂದ್ರೆ ಬಾಯಿ ಮುಚ್ಕೊಂಡಿರು."

"ಬೇರು ಬಂತಾ?"

"ಮೂರು ದಿನಕ್ಕೇ ಬರುತ್ತೇನಯ್ಯಾ? ನಾನು ಎತ್ತಿ ನೋಡಿಲ್ಲ."

*

ಅವನು ಬಾಯಿ ಮುಚ್ಚಿಕೊಂಡ, ಆದರೆ ಕೈ ಕಟ್ಟಿಕೊಂಡು ಕೂರಲಿಲ್ಲ. ಅಣ್ಣ ಕೆಲಸದಲ್ಲಿರುವ ಹಗಲು ಹೊತ್ತು ನಮ್ಮ ತೋಟಕ್ಕೆ ಬಂದು, ಮೋಟುಗಳನ್ನು ಅಗೆದು ತೆಗೆದು, ಡೀಸೆಲ್ ಕುಡಿದ ಮರಳನ್ನು ಹೊತ್ತು ದೂರ ಸುರಿದು, ಕಡಲಕಡೆಯಿಂದ ಒಳ್ಳೆಯ ಮರಳು ತಂದು ತುಂಬುತ್ತಿದ್ದ. ಅಣ್ಣ ಕೇಳಿದಾಗ ನಾನೇ ಅಗೆಯುತ್ತಿದ್ದೇನೆ ಎಂದೆ. ನನ್ನ ಅಂಗೈಯಲ್ಲಿ ಒಂದು ಬೊಬ್ಬೆಯೂ ಇರಲಿಲ್ಲ.

ಹನ್ನೆರಡನೆಯ ದಿನ ಕಡ್ಡಿಗಳ ಕಣ್ಣು ಒಡೆದು ಎಲೆ ಬಂತು. ಅಣ್ಣ ಮೊದಲ ಬಾರಿಗೆ ಒಗೆಯುವ ಕೋಣೆಯ ಬಾಗಿಲಿಗೆ ಒರಗಿ ನಿಂತ.

"ಬದುಕ್ತಾ?"

"ಸುಮ್ನಿರು. ಎಲೆ ಮೋಸ ಮಾಡುತ್ತೆ. ಕಡ್ಡಿ ಒಳಗಿರೋ ಹಳೇ ಸತ್ವ ತಿಂದು ಎಲೆ ಬಿಡುತ್ತೆ. ಅದು ಮುಗಿಯೋದ್ರೊಳಗೆ ಬೇರು ಬರಲಿಲ್ಲ ಅಂದ್ರೆ ಎಲ್ಲಾ ಒಣಗುತ್ತೆ."

ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿದೆ. ಗೊಬ್ಬರದ ಒಂದು ಹನಿಯೂ ಹಾಕಲಿಲ್ಲ. ಬೇರಿಲ್ಲದ ಕಡ್ಡಿಗೆ ಗೊಬ್ಬರ ಕೊಟ್ಟರೆ ಕೊಳೆಯುತ್ತದೆ. ಕೆಲವು ಎಲೆ ಬಾಡಿದವು. ಆ ದಿನಗಳಲ್ಲಿ ನಾನು ಅನ್ನ ನೀರು ಬಿಟ್ಟವಳ ಹಾಗಿದ್ದೆ. ಕಡ್ಡಿ ಸತ್ತರೆ ಅಣ್ಣನನ್ನು ತಡೆಯಲು ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ.

ಇಪ್ಪತ್ತಮೂರನೆಯ ದಿನ ಅಣ್ಣ ಕೆಲಸದಿಂದ ಬೇಗ ಬಂದಿದ್ದ. ಅವನೇ ಕೂಗಿದ. "ಬೊನಾರಿಯಾ! ಬಾ ಇಲ್ಲಿ! ಬಾರೇ!"

ಮುಚ್ಚಳ ಎತ್ತಿ ಹಿಡಿದಿದ್ದ. ಕೆಳಗೆ ಬಿಳೀ ಬೇರುಗಳು, ಒಂದೊಂದು ಕಡ್ಡಿಗೂ ನಾಲ್ಕಾರು. ಅಣ್ಣ ಚಿಕ್ಕ ಹುಡುಗನಂತೆ ನಗುತ್ತಿದ್ದ, ಕಣ್ಣಲ್ಲಿ ನೀರು. ನಾನೂ ನಕ್ಕೆ. ಅವನು ಮುಚ್ಚಳ ಇಟ್ಟು, ಕೈ ಒರೆಸಲು ಮೊಳೆಯ ಮೇಲಿದ್ದ ನನ್ನ ಏಪ್ರನ್ನಿಗೆ ಕೈ ಚಾಚಿದ.

ಏಪ್ರನ್ನಿನ ಹಿಂದೆ, ಅದೇ ಮೊಳೆಗೆ, ಒಂದು ಕಟ್ಟಿನ ಜೊಂಡನ್ನು ಗಂಟು ಸಮೇತ ನೇತು ಹಾಕಿದ್ದೆ. ಅವನ ಕೈಯ ಗಂಟು ಎಂದು ಬಿಸಾಡಲು ಮನಸ್ಸಾಗಿರಲಿಲ್ಲ. ಎಂಥ ಪೆದ್ದಿ ನಾನು!

ಅಣ್ಣ ಅದನ್ನು ಕೈಗೆ ತೆಗೆದುಕೊಂಡ. ನಗು ಇಳಿಯಿತು. "ಇದು ಕುರಿಮರಿ ಕಾಲು ಕಟ್ಟೋ ಗಂಟು. ನಿನಗೆ ಈ ಗಂಟು ಹಾಕೋಕ್ಕೆ ಬರಲ್ಲ."

ನಾನು ಅದನ್ನು ಕಿತ್ತುಕೊಳ್ಳಲು ಹೋದೆ.

"ಕಡ್ಡಿ ಕತ್ತರಿಸಿದ್ದು ನೀನಲ್ಲ. ಬೊಬೊರೆ ದೊಡ್ಡಿಯಿಂದ ನಿನ್ನ ಡಬ್ಬಿ ಹತ್ರ ಬರ್ತಿದ್ದೋನು ಒಬ್ಬನೇ." ಅವನು ನನ್ನ ಅಂಗೈ ಎಳೆದು ನೋಡಿದ. "ಗುಂಡಿ ತೋಡ್ತಿರೋನೂ ಅವನೇನಾ? ಈಗಲೂ ಅಲ್ಲೇ ಇದಾನಾ?"

ನನ್ನ ಕಣ್ಣು ತೋಟದ ಕಡೆ ಹೋಯಿತು. ಅವನಿಗೆ ಅಷ್ಟು ಸಾಕಾಯಿತು. ಮೇಜಿನ ಪಕ್ಕದ ಬಂದೂಕು ಎತ್ತಿಕೊಂಡು ಓಡಿದ. ನಾನು ಚಪ್ಪಲಿಯೂ ಇಲ್ಲದೆ ಹಿಂದೆ ಓಡಿದೆ.

ಅಂತಿಯೊಕೊ ಕೊನೆಯ ಸಾಲಿನಲ್ಲಿದ್ದ. ಅಣ್ಣನನ್ನು ನೋಡಿ ಗುದ್ದಲಿ ಕೆಳಗಿಟ್ಟ, ಓಡಲಿಲ್ಲ. ಅಣ್ಣ ನಳಿಗೆಯನ್ನು ಅವನ ಎದೆಗೆ ಒತ್ತಿದ.

"ಗರಗಸ ಹಿಡಿದಿದ್ದು ಯಾವ ಕೈ?"

"ಬಲಗೈ."

"ಕಡ್ಡಿ ಕತ್ತರಿಸಿದ್ದು?"

"ಅದೂ ಬಲಗೈಯೇ."

ಬಂದೂಕಿನ ಕುದುರೆಯ ಮೇಲೆ ಅಣ್ಣನ ಬೆರಳು ಬಿಗಿಯಿತು. ನಾನು ಚೀರಿದೆ. "ಹೊಡಿ! ಹೊಡೆದು ನೀನು ಜೈಲಿಗೆ ಹೋಗು. ಇವನು ಗೋರಿಗೆ ಹೋಗಲಿ. ಇನ್ನೂರು ಸಸಿ ನಾನೊಬ್ಬಳೇ ನೆಡ್ತೀನಿ, ನೆಟ್ಟು ಅದರ ಮಧ್ಯೆ ಸಾಯ್ತೀನಿ. ನನಗೆ ಇವನ ಮೇಲೆ ಪ್ರೀತಿ ಕಣೋ ಅಣ್ಣಾ. ನಿನ್ನ ಮೇಲೂ ಇದೆ, ಹಾಳಾದವನೇ! ಯಾರನ್ನ ಬಿಡ್ಲಿ ಹೇಳು?"

ಅಂತಿಯೊಕೊ ಮಂಡಿಯೂರಿದ. ಅಲ್ಲಿ ಇನ್ನೊಂದೇ ಮೋಟು ಉಳಿದಿತ್ತು. ಅದರ ಮೇಲೆ ತನ್ನ ಬಲಗೈ ಹರಡಿ ಇಟ್ಟ. "ತಪ್ಪು ಈ ಕೈದು, ಸಿಸಿನ್ನಿಯೊ. ಇದನ್ನ ತಗೋ."

ಅಣ್ಣ ಬಂದೂಕನ್ನು ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಬಲವೆಲ್ಲ ಹಾಕಿ ಆ ಕೈಯ ಮೇಲೆ ಬಡಿದ. ಒಂದು ಸಲ. ಎರಡು ಸಲ. ಮೂಳೆ ಮುರಿದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಅಂತಿಯೊಕೊ ಹಲ್ಲು ಕಚ್ಚಿ ಮರಳಿಗೆ ಹಣೆಯಿಟ್ಟ. ನಾನು ಅಣ್ಣನ ಬೆನ್ನಿನ ಮೇಲೆ ಬಿದ್ದು ಕೂದಲು ಕಿತ್ತೆ, ಪರಚಿದೆ. ಅವನು ನನ್ನನ್ನು ಕೊಡವಲೂ ಇಲ್ಲ. ಬಂದೂಕು ಎಸೆದು ಅಲ್ಲೇ ಕುಸಿದು ಕೂತು, ಮೂರು ವಾರದಿಂದ ಅಳದವನು ದೊಡ್ಡ ದನಿಯಲ್ಲಿ ಅತ್ತ. ನಾಯಿಯ ಹೆಸರು ಹಿಡಿದು ಅತ್ತ.

ಆಮೇಲೆ ಅವನೇ ಎದ್ದು ಅಂಗಿ ಬಿಚ್ಚಿ ಅಂತಿಯೊಕೊನ ಕೈಗೆ ಸುತ್ತಿದ. ಆಸ್ಪತ್ರೆಗೆ ಅವನೇ ಗಾಡಿ ಓಡಿಸಿದ.

*

ಆಸ್ಪತ್ರೆಯಲ್ಲಿ ಕಲ್ಲು ಬಿತ್ತು ಎಂದು ಬರೆಸಿದ ಅಂತಿಯೊಕೊ, ಅಲ್ಲಿಂದ ನೆಟ್ಟಗೆ ಪೊಲೀಸ್ ಠಾಣೆಗೆ ಹೋದ. ನಮ್ಮ ಕಡೆ ಯಾರೂ ಮಾಡದ ಕೆಲಸ ಮಾಡಿದ. ದೊಡ್ಡಪ್ಪನ ಹೆಸರು, ಅವನ ಮಕ್ಕಳ ಹೆಸರು, ಮೊದಲಿಗೆ ತನ್ನ ಹೆಸರು ಹೇಳಿದ. ಬೊಬೊರೆಯನ್ನೂ ಮಕ್ಕಳನ್ನೂ ಒಳಗೆ ಹಾಕಿದರು. ಅಂತಿಯೊಕೊನನ್ನು ಕೇಸು ಮುಗಿಯುವವರೆಗೆ ಊರು ಬಿಡಬಾರದೆಂದು ಹೇಳಿ ಬಿಟ್ಟರು. ದೊಡ್ಡಪ್ಪನ ಮನೆಯ ಹೆಂಗಸರು ಅವನ ಬಟ್ಟೆಬರೆಯನ್ನೆಲ್ಲ ಬೀದಿಯಲ್ಲಿಟ್ಟು ಸುಟ್ಟರು. ಅಮ್ಮನ ಜಿರೇನಿಯಂ ಕುಂಡವನ್ನು ಗೋಡೆಗೆ ಒಗೆದರು. ಸಂತೆಯಲ್ಲಿ ಅರ್ಧ ಜನ ಅವನ ಕಡೆ ನೋಡುವುದನ್ನೇ ಬಿಟ್ಟರು.

ಅವನು ನಮ್ಮ ಬಾಗಿಲಿಗೆ ಬಂದಾಗ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಎಡಗೈಯಲ್ಲಿ ಹಿಚುಕಿದ ಕೊಂಬೆ.

"ಬದುಕುತ್ತಾ?" ಎಂದ.

"ಕತ್ತರಿ ಅಲ್ಲಿದೆ," ಎಂದೆ. "ಎಡಗೈಯಲ್ಲಿ ಕಲಿ."

ಏಪ್ರಿಲಿನಲ್ಲಿ ನೆಟ್ಟೆವು. ಇನ್ನೂರರಲ್ಲಿ ನೂರ ಅರವತ್ತು ಬದುಕಿದ್ದವು. ಅಣ್ಣ ಗುಂಡಿ ತೋಡುತ್ತಿದ್ದ, ನಾನು ಸಸಿ ಇಳಿಸುತ್ತಿದ್ದೆ, ಅಂತಿಯೊಕೊ ಮಂಡಿಯೂರಿ ಒಂದೇ ಕೈಯಲ್ಲಿ ಮರಳು ಒತ್ತುತ್ತಿದ್ದ. ಬೆಳಗಿನಿಂದ ಅಣ್ಣ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಡಾಕ್ಟರು ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದಿದ್ದರು. ಅದು ಅಣ್ಣನಿಗೂ ಗೊತ್ತಿತ್ತು.

ಕೊನೆಯ ಸಾಲು ಮುಗಿದಾಗ ಅಣ್ಣ ಗುದ್ದಲಿ ಊರಿ ನಿಂತು, ಆ ಪ್ಲಾಸ್ಟರನ್ನೇ ನೋಡಿದ.

"ಆ ಕೈಯಲ್ಲಿ ಇವಳಿಗೆ ಉಂಗುರ ತೊಡಿಸೋಕ್ಕೆ ಬರುತ್ತೇನೋ ನಿನಗೆ?" ಎಂದ. ದನಿ ಒರಟಾಗಿಯೇ ಇತ್ತು, ಕಣ್ಣು ಮಾತ್ರ ಕಡಲಿನ ಕಡೆ ತಿರುಗಿತ್ತು.

ಅಂತಿಯೊಕೊನ ಎಡಗೆನ್ನೆಯ ಗುಳಿ ಮೂಡಿತು, ಅದರೊಳಗೆ ಕಣ್ಣೀರು ಇಳಿಯಿತು.

"ಅವನ ಕೈಯಲ್ಲಿ ಆಗದಿದ್ರೆ," ಎಂದು ನಾನು ನನ್ನ ಬೆರಳನ್ನು ಅಂತಿಯೊಕೊನ ಮುಂದೆ ಚಾಚಿದೆ, "ಉಂಗುರ ಹಿಡ್ಕೊಂಡು ನಿಂತಿರಲಿ. ಬೆರಳು ನಾನೇ ತೂರಿಸ್ತೀನಿ."